ಶಿವಪುರದಿಂದ ಶುರುವಾದ ಸಮಾಜ ಪಾಠ

ಮಗಳು ಹತ್ತನೇ ಕ್ಲಾಸು. ಸಮಾಜ ಅಂದರೆ ಇಸವಿ ಉರು ಹೊಡೆಯುವುದು ಅಂದುಕೊಂಡಿದ್ದಳು. ಮಂಡ್ಯದಲ್ಲಿ ನಮ್ಮ ಬೀದಿಯ ಟ್ಯೂಷನ್‌ಗೆ ಸೇರಿಸಿ ಐದು ತಿಂಗಳಾಯಿತು. ಮೇಷ್ಟ್ರು ಸ್ವಾತಂತ್ರ್ಯ ಹೋರಾಟವನ್ನು ಶುರು ಮಾಡಿದ್ದು ಮದ್ದೂರಿನ ಪಕ್ಕದ ಶಿವಪುರದಿಂದ. 1938ರಲ್ಲಿ ನಿಷೇಧ ಇದ್ದರೂ ಅಲ್ಲಿ ಧ್ವಜ ಹಾರಿಸಿದ ಕಥೆ ಕೇಳಿ ಬಂದವಳು, ಅದರ ನೆನಪಿಗೆ ಅಲ್ಲಿ ಕಟ್ಟಿರುವ ಸತ್ಯಾಗ್ರಹ ಸೌಧ ತೋರಿಸಪ್ಪಾ ಅಂತ ಹಟ ಹಿಡಿದಳು. ಭಾನುವಾರ ಹೋಗಿ ಬಂದೆವು. ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ ಅಂತ ಈಗ ಊಟದ ಹೊತ್ತಲ್ಲಿ ನನಗೇ ಪಾಠ ಹೇಳುತ್ತಾಳೆ!

ವಿಶ್ವಸಂಸ್ಥೆಯ ಪಾಠ ಮಾತ್ರ ಸುಮ್ನೆ ಓಡಿಸಿಬಿಟ್ಟರು. ಐದೇ ದೇಶಗಳಿಗೆ ವೀಟೊ, ಅಂದರೆ ನಿರ್ಣಯ ತಡೆಯುವ ಅಧಿಕಾರ, ಯಾಕೆ ಅಂತ ಕೇಳಿದರೆ, ಪರೀಕ್ಷೆಗೆ ಬರಲ್ಲ ಅಂದರಂತೆ. ಕೇಳಬೇಕಾದ ಪ್ರಶ್ನೆಯೇ ಅದು, ಅಲ್ವಾ? ಮತ್ತೆ, ಮೂವತ್ತು ಮಕ್ಕಳಿಗೆ ಒಂದೇ ಫ್ಯಾನು. ಆದರೂ ಮುಂದಿನ ತಿಂಗಳ ಫೀಸು ಕಟ್ಟಿದ್ದೇನೆ.