ಬಾಗಲಕೋಟೆಯ ಮನೆಯಲ್ಲಿ ಲ್ಯಾಪ್ಸಾಂಗ್ ಸೂಚಾಂಗ್ ಚಹಾ

ಹಾಲು, ಸಕ್ಕರೆ, ಜಜ್ಜಿದ ಹಸಿಶುಂಠಿ ಹಾಕಿ ಕುದಿಸಿದ ಖಡಕ್ ಚಹಾಕ್ಕೆ ಒಗ್ಗಿದ ನಾಲಿಗೆಗೆ ಚೀನಾದ ಹೊಗೆಯಾಡಿಸಿದ ಚಹಾ ರುಚಿಸೀತೇ ಎಂಬ ಕುತೂಹಲದಿಂದ 50 ಗ್ರಾಂ ಲ್ಯಾಪ್ಸಾಂಗ್ ಸೂಚಾಂಗ್ ತರಿಸಿದ್ದೆ. ರುಚಿಸುತ್ತದೆ, ಬಹಳವೇ ರುಚಿಸುತ್ತದೆ. ಆದರೆ ಮುಂಜಾನೆಯ ಚಹಾದ ಜಾಗದಲ್ಲಿ ಅದನ್ನು ಕೂರಿಸಬಾರದು. ಅದಕ್ಕೆ ಬೇರೆಯದೇ ಹೊತ್ತು ಬೇಕು, ಮುಖ್ಯವಾಗಿ ಬೇರೆಯದೇ ನೀರು ಬೇಕು.

ಫುಜಿಯಾನ್ ಪ್ರಾಂತದ ವೂಯಿ ಪರ್ವತಗಳ ನಡುವಿನ ಟಾಂಗ್‌ಮು ಎಂಬ ಊರು ಈ ಚಹಾದ ತವರು. ಸಾಂಪ್ರದಾಯಿಕ ವಿಧಾನದಲ್ಲಿ ಮರದ ಅಟ್ಟಗಳಿರುವ ಕಟ್ಟಡದ ತಳದಲ್ಲಿ ಪೈನ್ ಕಟ್ಟಿಗೆ ಉರಿಸಿ, ಆ ಕಾವಿನಲ್ಲಿ ಮೇಲಿನ ಅಟ್ಟದ ಎಲೆಗಳನ್ನು ಬಾಡಿಸುತ್ತಾರೆ. ಹೊಸೆದು, ಗಾಳಿಗೆ ಕಪ್ಪಾಗಲು ಬಿಟ್ಟ ಮೇಲೆ ಮತ್ತೆ ಅದೇ ಹೊಗೆಯಲ್ಲಿ ಒಣಗಿಸುತ್ತಾರೆ. ಹೀಗೆ ಪೈನ್ ಮರದಿಂದ ಎಲೆಗೆ ಇಳಿಯುವ ಲಾಂಗಿಫೋಲಿನ್ ಮೊದಲಾದ ಸುವಾಸನಾ ದ್ರವ್ಯಗಳೇ ಈ ಚಹಾದ ಗುರುತು. ಹೊರದೇಶಗಳಲ್ಲಿ ಇದೇ ಹೆಸರಿನಿಂದ ಮಾರಾಟವಾಗುವ ಸಾಕಷ್ಟು ಚಹಾ ಟಾಂಗ್‌ಮುವಿನ ಹೊರಗೆ ತಯಾರಾದದ್ದು. ಅದರ ಹೊಗೆ ಸಾಮಾನ್ಯವಾಗಿ ಹೆಚ್ಚು ಗಾಢವಾಗಿರುತ್ತದೆ. ಕೆಲವು ಪೊಟ್ಟಣಗಳಲ್ಲಿ ಹೊಗೆಯ ಎಸೆನ್ಸನ್ನೇ ಬೆರೆಸಿರುವುದುಂಟು. ಆದ್ದರಿಂದ ಕೊಳ್ಳುವ ಮೊದಲು ಪದಾರ್ಥಗಳ ಪಟ್ಟಿಯಲ್ಲಿ ಚಹಾ ಎಲೆಯ ಹೊರತು ಬೇರೇನಾದರೂ ಇದೆಯೇ ಎಂದು ನೋಡಿಕೊಳ್ಳಬೇಕು. ನನ್ನ ಪೊಟ್ಟಣದಲ್ಲಿ ಇರಲಿಲ್ಲ.

ಪೊಟ್ಟಣ ಒಡೆದ ಕೂಡಲೇ ಅಡುಗೆಮನೆಯಿಡೀ ಹೊಗೆಯ ವಾಸನೆ ಹರಡಿತು. "ಇದಕ್ಯಾಕೋ ಇಷ್ಟು ಹೊಗಿ ವಾಸನಿ ಹತ್ತೇತಿ?" ಎಂದು ಅವ್ವ ಒಳಗಿನಿಂದಲೇ ಕೇಳಿದರು. ಚಳಿಗಾಲದಲ್ಲಿ ಹೊಲದ ಬದುವಿನ ಮೇಲೆ ಕುಳ್ಳಿನ ಕೆಂಡದಲ್ಲಿ ಜೋಳದ ತೆನೆ ಸುಟ್ಟು ಸೀತನಿ ಬಡಿಯುವಾಗ ಕೈಗೆ ಅಂಟಿಕೊಳ್ಳುವ ವಾಸನೆಗೆ ಇದು ಹತ್ತಿರವಾದದ್ದು. ಆದರೆ ಇದರಲ್ಲಿ ಮರದ ರಾಳದ ತಂಪಾದ ಘಮವೊಂದು ಹೆಚ್ಚಾಗಿದೆ. ವಾಸನೆಯಲ್ಲಿರುವಷ್ಟು ಹೊಗೆ ನಾಲಿಗೆಯ ಮೇಲೆ ಇರುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ವಾಸನೆಗೇ ಹೆದರಿ ಲೋಟವನ್ನು ದೂರ ಸರಿಸುವವರೇ ಹೆಚ್ಚು. ಕುಡಿದರೆ ಮೊದಲು ಹೊಗೆ, ಅದರ ಹಿಂದೆಯೇ ಒಣಹಣ್ಣಿನ ಮೆಲುವಾದ ಸಿಹಿ. ಒಗರು ಬಹಳ ಕಡಿಮೆ. ಸಕ್ಕರೆಯ ಅಗತ್ಯ ನನಗೆ ಕಾಣಲಿಲ್ಲ.

ನಾವು ದಿನವೂ ಬಳಸುವ ಸಿಟಿಸಿ ಪುಡಿಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಕಾಳುಗಟ್ಟಿಸಿರುತ್ತಾರೆ. ಅದು ಬೇಗನೆ ಬಣ್ಣ ಬಿಡುತ್ತದೆ, ಹಾಲನ್ನೂ ಕುದಿತವನ್ನೂ ತಾಳಿಕೊಳ್ಳುತ್ತದೆ. ಲ್ಯಾಪ್ಸಾಂಗ್‌ನ ಇಡೀ ಎಲೆಯನ್ನು ಹಾಗೆ ಒಲೆಯ ಮೇಲೆ ಕುದಿಸಿದರೆ ಬರೀ ಕಹಿ ಏರುತ್ತದೆ. 200 ಮಿಲಿಲೀಟರ್ ನೀರನ್ನು ಕುದಿಸಿ ಇಳಿಸಿ, 2ರಿಂದ 3 ಗ್ರಾಂ ಎಲೆಯ ಮೇಲೆ ಸುರಿದು, ಮುಚ್ಚಿಟ್ಟು, 3 ನಿಮಿಷದ ನಂತರ ಸೋಸಿದರೆ ಸಾಕು. ಅದೇ ಎಲೆಗೆ ಮತ್ತೊಮ್ಮೆ ಬಿಸಿನೀರು ಹಾಕಬಹುದು. ಆಗ ಹೊಗೆ ಹಿಂದೆ ಸರಿದು ಸಿಹಿ ಮುಂದೆ ಬರುತ್ತದೆ, ನನಗೆ ಆ ಎರಡನೆಯ ಲೋಟವೇ ಹೆಚ್ಚು ಪ್ರಿಯ. ಹಾಲು ಬೆರೆಸಿ ಕುಡಿಯುವವರೂ ಇದ್ದಾರೆ, ಆದರೆ ನಮ್ಮಲ್ಲಿಯಂತೆ ಹಾಲು ಹೆಚ್ಚಿದ್ದರೆ ಹೊಗೆಯೂ ಹಾಲೂ ಒಂದಕ್ಕೊಂದು ಹೊಂದುವುದಿಲ್ಲ.

ನೀರಿನ ಮಾತು ನಮ್ಮ ಭಾಗದವರಿಗೆ ವಿಶೇಷವಾಗಿ ಮುಖ್ಯ. ಬೋರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಚಹಾದ ಸತ್ವದೊಂದಿಗೆ ಸೇರಿ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ, ಘಮ ಅರ್ಧಕ್ಕೆ ಇಳಿಯುತ್ತದೆ. ಹಾಲಿನ ಚಹಾದಲ್ಲಿ ನೀರಿನ ದೋಷ ಮುಚ್ಚಿಹೋಗುತ್ತದೆ. ಇಲ್ಲಿ ಅದನ್ನು ಮುಚ್ಚುವಂಥದ್ದು ಏನೂ ಇಲ್ಲ. ಫಿಲ್ಟರ್ ನೀರಿನಲ್ಲಿ ಮಾಡಿದಾಗ ಅದೇ ಎಲೆಯಿಂದ ತಿಳಿಯಾದ ಕೆಂಪು ಚಹಾ ಇಳಿಯಿತು.

ಸಂಜೆ ಬಿಸಿ ಮಿರ್ಚಿ ಭಜಿಯ ಜೊತೆಗೆ ಇದು ಚೆನ್ನಾಗಿ ಹೋಗುತ್ತದೆ. ಅಮೀನಗಡದ ಕರದಂಟಿನ ಜೊತೆಗಂತೂ ಇನ್ನೂ ಚೆನ್ನ: ಬೆಲ್ಲದ ಗಾಢ ಸಿಹಿಯನ್ನು ಹೊಗೆ ಹದವಾಗಿ ತಡೆಯುತ್ತದೆ. ಡಬ್ಬಿಯನ್ನು ಮಾತ್ರ ಬಿಗಿಯಾಗಿ ಮುಚ್ಚಿ, ಉಳಿದ ಚಹಾಪುಡಿ ಮತ್ತು ಮಸಾಲೆಗಳಿಂದ ದೂರ ಇಡಬೇಕು. ಇಲ್ಲದಿದ್ದರೆ ಮರುದಿನದ ಮುಂಜಾನೆಯ ಚಹಾದಲ್ಲೂ ಹೊಗೆಯ ವಾಸನೆ ಬರುತ್ತದೆ.

ಬೆಲೆ ಹಗುರವಾದದ್ದಲ್ಲ: ಈ 50 ಗ್ರಾಂಗೆ ಕೊಟ್ಟ ಹಣದಲ್ಲಿ ನಮ್ಮ ಮನೆಗೆ ಒಂದು ಕಿಲೋ ಒಳ್ಳೆಯ ಪುಡಿ ಬರುತ್ತದೆ. ರುಚಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆದರೆ ಇಷ್ಟು ಬೆಲೆ ಪಡೆದ ಮಾರಾಟಗಾರರು ಎಲೆ ಯಾವ ಊರಿನದು, ಯಾವ ವರ್ಷದ ಕೊಯ್ಲು ಎಂಬ ಎರಡು ಸಾಲನ್ನೂ ಪೊಟ್ಟಣದ ಮೇಲೆ ಮುದ್ರಿಸಿಲ್ಲ. ಒಂದು ನಕ್ಷತ್ರವನ್ನು ನಾನು ಕಡಿಮೆ ಕೊಟ್ಟಿರುವುದು ಆ ಕಾರಣಕ್ಕೆ.