ಹಳೆಯ ಲ್ಯಾಪ್‌ಟಾಪಿಗೆ ಅಗ್ಗದ ಎಸ್‌ಎಸ್‌ಡಿ: ನಾಲ್ಕು ವರ್ಷ ದುಡಿಸಿದ ಮೇಲೆ

ಮುಂಬಯಿಯ ಫೋರ್ಟಿನ ಕಚೇರಿ ಮುಗಿಸಿ, ಲೋಕಲ್ ರೈಲಿಳಿದು ಡೊಂಬಿವಲಿಯ ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತದೆ. ಊಟವಾದ ಮೇಲೆ ನನ್ನ ಎರಡನೆಯ ಕೆಲಸ ಶುರು: ಇಲ್ಲಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಮದುವೆಯ ಕರೆಯೋಲೆಗಳ ಅಕ್ಷರಜೋಡಣೆ ಮತ್ತು ಪುಟವಿನ್ಯಾಸ. ಅದಕ್ಕಿರುವುದು ದಿನಕ್ಕೆ ಎರಡು ಗಂಟೆ. 2013ರಲ್ಲಿ ಕೊಂಡ ಲ್ಯಾಪ್‌ಟಾಪಿನಲ್ಲಿ ಮೂರನೆಯ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, 500 ಜಿಬಿಯ ಹಾರ್ಡ್ ಡಿಸ್ಕ್ ಇದ್ದವು. 2021ರ ಹೊತ್ತಿಗೆ ಗುಂಡಿ ಒತ್ತಿದ ಮೇಲೆ ವಿಂಡೋಸ್ ಎದ್ದು, ಪುಟವಿನ್ಯಾಸದ ಪೇಜ್‌ಮೇಕರ್ ತೆರೆದು, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮೊದಲ ಅಕ್ಷರ ಮೂಡಲು ಆರು ನಿಮಿಷ ಬೇಕಾಗುತ್ತಿತ್ತು. ಗಡಿಯಾರ ಹಿಡಿದೇ ನೋಡಿದ್ದೇನೆ. ತೋರಿಸಲು ಒಯ್ದ ರಿಪೇರಿ ಅಂಗಡಿಯವರು ‘ಇದರ ಆಯುಸ್ಸು ಮುಗಿಯಿತು, ಹೊಸದು ಕೊಳ್ಳಿ’ ಎಂದರು. ಆ ಮಾತು ಇವತ್ತಿಗೂ ನನಗೆ ಬೇಸರ ತರುತ್ತದೆ. ಪ್ರೊಸೆಸರ್ ಸುಮ್ಮನೆ ಕುಳಿತಿತ್ತು, ಡಿಸ್ಕ್ ಮಾತ್ರ ಸದಾ ನೂರಕ್ಕೆ ನೂರು ದುಡಿಯುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದಿದ್ದರೆ ಅವರಿಗೂ ಅದು ಕಾಣುತ್ತಿತ್ತು.

ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆ ಒಂದು ಸುತ್ತು ಮುಗಿಸಲು 11 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುವ ಹೊತ್ತು ಬೇರೆ. ಹೀಗಾಗಿ ಅಲ್ಲೊಂದು ಇಲ್ಲೊಂದು ಇರುವ ಸಣ್ಣ ತುಣುಕುಗಳನ್ನು ಅದು ಸೆಕೆಂಡಿಗೆ ನೂರರಷ್ಟು ಓದುವುದೂ ಕಷ್ಟ. ವಿಂಡೋಸ್ ಏಳುವಾಗ ಬೇಡುವುದು ಅಂಥ ತುಣುಕುಗಳನ್ನೇ, ಸಾವಿರಗಟ್ಟಲೆ. ಮಾಹಿತಿಯನ್ನು ತಟ್ಟೆಯ ಬದಲು ಚಿಪ್‌ಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಅಗ್ಗದ್ದಾದರೂ ಸೆಕೆಂಡಿಗೆ ಸಾವಿರಾರು ತುಣುಕು ಎತ್ತಿಕೊಡುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ಸೆಕೆಂಡಿಗೆ 500 ಎಂಬಿ ವೇಗಕ್ಕಿಂತ ಈ ಗುಣ ನಮ್ಮಂಥವರಿಗೆ ನೂರು ಪಾಲು ಹೆಚ್ಚಿನದು.

ಒಂದು ಸಂಜೆ ಚರ್ಚ್‌ಗೇಟಿನಲ್ಲಿ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದು, ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ನಡೆದೆ. ಹಾರ್ಡ್ ಡಿಸ್ಕ್ ಕೂರುವ ಸಾಟಾ ಕನೆಕ್ಟರಿಗೇ ಹೊಂದುವ 480 ಜಿಬಿಯ ಎಸ್‌ಎಸ್‌ಡಿ ಡ್ರೈವ್ 3,900 ರೂಪಾಯಿಗೆ ಸಿಕ್ಕಿತು, ಬಿಲ್ಲು ಮತ್ತು ಮೂರು ವರ್ಷದ ವಾರಂಟಿ ಸಹಿತ. ಕ್ರೂಷಿಯಲ್ ಬಿಎಕ್ಸ್500, ಕಿಂಗ್‌ಸ್ಟನ್ ಎ400, ಡಬ್ಲ್ಯೂಡಿ ಗ್ರೀನ್ ಸಾಲಿನಲ್ಲಿ ಬರುವ, ಒಳಗೆ ಡಿ-ರ‍್ಯಾಮ್ ಎಂಬ ವೇಗದ ನೆನಪಿನ ಚಿಪ್ ಇಲ್ಲದ ಅಗ್ಗದ ವರ್ಗ. ನನ್ನದು ಯಾವ ಕಂಪನಿಯದೆಂದು ಹೇಳುತ್ತಿಲ್ಲ. ಈ ವರ್ಗದಲ್ಲಿ ಹೊರಗಿನ ಹೆಸರು ಹಾಗೆಯೇ ಇದ್ದು ಒಳಗಿನ ಚಿಪ್‌ಗಳು ಬದಲಾಗುವುದುಂಟು. ನಾಲ್ಕು ವರ್ಷದ ಹಿಂದೆ ನಾನು ಕೊಂಡದ್ದು ಇಂದು ನಿಮ್ಮ ಕೈಗೆ ಬರುವುದರ ತದ್ರೂಪು ಆಗಿರಲಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಹಾಸಿಗೆಯ ಮೇಲೆ ಬಿಳಿ ಪಂಚೆ ಹಾಸಿ, ಲ್ಯಾಪ್‌ಟಾಪನ್ನು ಬೋರಲು ಹಾಕಿದೆ. ಬಿಳಿ ಬಟ್ಟೆಯ ಮೇಲೆ ಕಪ್ಪು ತಿರುಪು ಕಳೆದುಹೋಗುವುದಿಲ್ಲ. ಮೊದಲು ಬ್ಯಾಟರಿ ತೆಗೆದೆ. ಎರಡು ತಿರುಪು ಬಿಚ್ಚಿದರೆ ಮುಚ್ಚಳ, ಅದರಡಿ ತಗಡಿನ ಚೌಕಟ್ಟಿನಲ್ಲಿ ಹಾರ್ಡ್ ಡಿಸ್ಕ್. ಎಂಟು ವರ್ಷದ ದೂಳು ಅಂಚಿನಲ್ಲಿ ಬೂದಿಯಂತೆ ಕೂತಿತ್ತು. ಡಿಸ್ಕನ್ನು ಮೇಲಕ್ಕೆ ಎತ್ತಬಾರದು, ಪಕ್ಕಕ್ಕೆ ಜಾರಿಸಬೇಕು. ಇಲ್ಲದಿದ್ದರೆ ಕನೆಕ್ಟರಿನ ತುಟಿ ಮುರಿಯುತ್ತದೆ. ಹಳೆಯದರ ದಪ್ಪ 9.5 ಮಿಮೀ, ಹೊಸದರದ್ದು 7. ಉಳಿದ ಎರಡೂವರೆಗೆ ಪೆಟ್ಟಿಗೆಯಲ್ಲೇ ಬಂದಿದ್ದ ಪ್ಲಾಸ್ಟಿಕ್ ಚೌಕಟ್ಟನ್ನು ಅಂಟಿಸಿದೆ. ಹೊಸ ಡ್ರೈವ್ ಕೈಯಲ್ಲಿ ಖಾಲಿ ಡಬ್ಬಿಯಷ್ಟು ಹಗುರ. ಇದರೊಳಗೆ ನನ್ನ ಇಷ್ಟು ವರ್ಷದ ಪುಟಗಳೆಲ್ಲ ಹಿಡಿಯುತ್ತವೆಯೇ ಎಂದು ಒಂದು ಗಳಿಗೆ ಅನುಮಾನವಾಯಿತು.

ತೊಡಕಾದದ್ದು ಜೋಡಣೆಯಲ್ಲಲ್ಲ, ನಕಲು ಮಾಡುವುದರಲ್ಲಿ. 500 ಜಿಬಿಯ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸುತ್ತದೆ, 480ರ ಡ್ರೈವನ್ನು 447 ಎಂದು. ನನ್ನ ಕಡತಗಳೆಲ್ಲ ಸೇರಿ 210 ಜಿಬಿ ಮಾತ್ರ ಇದ್ದರೂ, ‘ಗುರಿಯ ಡಿಸ್ಕ್ ಚಿಕ್ಕದು’ ಎಂದು ಕ್ಲೋನ್ ತಂತ್ರಾಂಶ ಹಟ ಹಿಡಿಯಿತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿ ವಿಭಾಗವನ್ನು ಕುಗ್ಗಿಸಿದ ಮೇಲೆ ಒಪ್ಪಿತು. ಹೊಸದಾಗಿ ವಿಂಡೋಸ್ ಹಾಕಿಕೊಳ್ಳುವುದೇ ಶುಚಿಯಾದ ದಾರಿ ಎಂದು ಬಲ್ಲವರು ಹೇಳುತ್ತಾರೆ. ಆದರೆ ನುಡಿ, ಹಳೆಯ ಪೇಜ್‌ಮೇಕರ್, ಹತ್ತಾರು ಫಾಂಟುಗಳ ಹೊಂದಾಣಿಕೆಯನ್ನು ಮತ್ತೆ ಮೊದಲಿನಿಂದ ಮಾಡುವ ಧೈರ್ಯ ನನಗಿರಲಿಲ್ಲ.

ಮೊದಲ ಸಲ ಗುಂಡಿ ಒತ್ತಿದಾಗ ಇಪ್ಪತ್ತೆರಡು ಸೆಕೆಂಡಿಗೆ ಪರದೆ ಸಿದ್ಧವಾಯಿತು. ಪೇಜ್‌ಮೇಕರ್ ತೆರೆಯಲು ಮೂರು ಸೆಕೆಂಡ್. ಅದಕ್ಕಿಂತ ನನ್ನನ್ನು ತಟ್ಟಿದ್ದು ಮೌನ. ನಮ್ಮದು ಒಂದು ಕೋಣೆಯ ಮನೆ. ಮಗಳು ಮಲಗಿದ ಮೇಲೆ ಹಳೆಯ ಡಿಸ್ಕಿನ ಗರಗರ ಸದ್ದು ಇಡೀ ರಾತ್ರಿ ಕೇಳುತ್ತಿತ್ತು. ಅದು ಒಮ್ಮೆಲೇ ನಿಂತುಹೋಯಿತು.

ಇಷ್ಟು ವೇಗ ಎಲ್ಲ ಕೆಲಸಕ್ಕೂ ಇಲ್ಲ. ತಾಳಮದ್ದಳೆಯೊಂದರ 60 ಜಿಬಿ ವಿಡಿಯೊವನ್ನು ಹೊರಗಿನ ಎಸ್‌ಎಸ್‌ಡಿಯಿಂದ ಇಳಿಸಿಕೊಳ್ಳುವಾಗ ಮೊದಲು 400 ಎಂಬಿ ವೇಗದಲ್ಲಿ ಓಡಿದ್ದು, ನಡುವೆ 70ಕ್ಕೆ ಕುಸಿದು ಕೊನೆಯವರೆಗೂ ಅಲ್ಲೇ ತೆವಳಿತು. ಈ ವರ್ಗದ ಡ್ರೈವ್‌ಗಳು ಬಂದ ಮಾಹಿತಿಯನ್ನು ಮೊದಲು ವೇಗದ ಅಂಗಳದಲ್ಲಿ ಸುರಿದುಕೊಂಡು ಆಮೇಲೆ ನಿಧಾನವಾಗಿ ಒಳಗೆ ಸೇರಿಸುತ್ತವೆ. ಅಂಗಳ ತುಂಬಿದರೆ ಬಾಗಿಲಲ್ಲೇ ಸಾಲು ನಿಲ್ಲುತ್ತದೆ. ಡ್ರೈವ್ ತುಂಬುತ್ತ ಹೋದಂತೆ ಅಂಗಳವೂ ಕಿರಿದಾಗುತ್ತದೆ, ಆದ್ದರಿಂದ ಐದರಲ್ಲಿ ಒಂದು ಪಾಲನ್ನು ನಾನು ಸದಾ ಖಾಲಿ ಬಿಡುತ್ತೇನೆ. ದಿನವೂ ವಿಡಿಯೊ ಸಂಕಲನ ಮಾಡುವವರಿಗೆ ಈ ಡ್ರೈವ್ ತಕ್ಕದ್ದಲ್ಲ. ಪುಟ ಕಟ್ಟುವವರಿಗೆ, ಬರೆಯುವವರಿಗೆ, ಲೆಕ್ಕ ಇಡುವವರಿಗೆ ಆ ಕೊರತೆ ಗೊತ್ತೂ ಆಗುವುದಿಲ್ಲ.

ಆರು ತಿಂಗಳ ನಂತರ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿದೆ. ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕಿನ ಮೇಲೆಯೇ ಬರೆಯುತ್ತದೆ, ಬರೆದಷ್ಟೂ ಸವೆಯುವ ಎಸ್‌ಎಸ್‌ಡಿಯನ್ನು ಅದು ಸುಮ್ಮನೆ ಸವೆಸುತ್ತದೆ. ಕೈಯಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್. ಡಿವಿಡಿ ಡ್ರೈವ್ ತೆಗೆದು, ಆ ಜಾಗದಲ್ಲಿ ಕ್ಯಾಡಿ ಎಂಬ ಚೌಕಟ್ಟಿನೊಳಗೆ ಹಳೆಯ ಹಾರ್ಡ್ ಡಿಸ್ಕನ್ನು ಕೂರಿಸಿದೆ. ಕ್ಯಾಡಿ ಕೊಳ್ಳುವ ಮೊದಲು ದಪ್ಪ ಅಳೆಯಿರಿ: 9.5 ಮಿಮೀ, 12.7 ಮಿಮೀ ಎರಡೂ ಸಿಗುತ್ತವೆ.

ಆ ಹಳೆಯ ಡಿಸ್ಕೇ ನನ್ನನ್ನು ಒಮ್ಮೆ ಕಾಪಾಡಿತು. 2023ರ ಮಳೆಗಾಲದ ಒಂದು ರಾತ್ರಿ, ಲ್ಯಾಪ್‌ಟಾಪಿನ ಬ್ಯಾಟರಿ ಸತ್ತುಹೋಗಿ ಅಡಾಪ್ಟರಿನ ಮೇಲೆಯೇ ನಡೆಸುತ್ತಿದ್ದ ದಿನಗಳು. ಸಂಚಿಕೆಯ ಕಡತ ಉಳಿಸುತ್ತಿರುವಾಗಲೇ ಕರೆಂಟು ಹೋಯಿತು. ಮತ್ತೆ ತೆರೆದರೆ ಕಡತ ಹಾಳಾಗಿತ್ತು. ಬರೆಯುವ ನಡುವೆ ವಿದ್ಯುತ್ತು ಕಡಿದರೆ ಸಂಭಾಳಿಸುವ ಏರ್ಪಾಡು ಇಷ್ಟು ಅಗ್ಗದ ಡ್ರೈವಿನಲ್ಲಿ ಇರುವುದಿಲ್ಲ. ಹಿಂದಿನ ರಾತ್ರಿ ಹಳೆಯ ಡಿಸ್ಕಿಗೆ ಹಾಕಿದ್ದ ಪ್ರತಿಯಿಂದಾಗಿ 96 ಪುಟಗಳ ಪೈಕಿ ಆರು ಪುಟಗಳನ್ನಷ್ಟೇ ಮತ್ತೆ ಕಟ್ಟಬೇಕಾಯಿತು. ಮರುವಾರವೇ ಬ್ಯಾಟರಿ ಬದಲಿಸಿದೆ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಹಲವು ಸಲ ಸದ್ದು ಮಾಡಿ ಎಚ್ಚರಿಸುತ್ತದೆ; ಎಸ್‌ಎಸ್‌ಡಿ ಒಂದು ಬೆಳಿಗ್ಗೆ ಸುಮ್ಮನೆ ಕಾಣೆಯಾಗಬಹುದು. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿ ಇಡುವ ದಾಸ್ತಾನಿಗೂ ಅದು ಸರಿಯಲ್ಲ.

ಸವೆತದ ಲೆಕ್ಕಕ್ಕೆ ಬಂದರೆ, ಡ್ರೈವಿನ ಆರೋಗ್ಯ ತೋರಿಸುವ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಇಂದು ಆರೋಗ್ಯ ನೂರಕ್ಕೆ 90 ಎನ್ನುತ್ತದೆ. ನಾಲ್ಕು ವರ್ಷದಲ್ಲಿ ನಾನು ಬರೆದದ್ದು 11 ಟಿಬಿ, ಅಂದರೆ 11 ಸಾವಿರ ಜಿಬಿ. ನನ್ನ ಡ್ರೈವಿಗೆ ಹೇಳಿರುವ ಬರಹದ ಮಿತಿ 120 ಟಿಬಿ. ಈ ವೇಗದಲ್ಲಿ ಬರೆದು ಸವೆಸುವುದಕ್ಕೆ ಮೊದಲು ಲ್ಯಾಪ್‌ಟಾಪಿನ ಕೀಲೇ ಮುರಿದುಹೋಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅದೇ ಡ್ರೈವಿನಲ್ಲಿ 100 ಜಿಬಿ ಬಿಡಿಸಿ, ವಿಂಡೋಸಿನ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇನೆ. ಇಂಟರ್ನೆಟ್, ಇಮೇಲ್, ಯೂನಿಕೋಡ್ ಬರಹ ಅಲ್ಲಿ. ನುಡಿಯ ಹಳೆಯ ಕಡತಗಳಿಗೆ ಮಾತ್ರ ವಿಂಡೋಸ್, ಅದೂ ವೈಫೈ ನಿಲ್ಲಿಸಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಅರ್ಧ ನಿಮಿಷ ಸಾಕು. ಹಾರ್ಡ್ ಡಿಸ್ಕ್ ಇದ್ದಿದ್ದರೆ ಇಂಥ ಎರಡು ಮನೆಯ ಸಂಸಾರವನ್ನು ಯೋಚಿಸಲೂ ಆಗುತ್ತಿರಲಿಲ್ಲ.

ನಮ್ಮ ಸಂಘದ ವಾಚನಾಲಯದಲ್ಲಿ ಇನ್ನೂ ಹಳೆಯ ಡೆಸ್ಕ್‌ಟಾಪ್ ಒಂದಿದೆ, ಎರಡನೆಯ ತಲೆಮಾರಿನ ಸಾಟಾದ್ದು. ಅದರ ದಾರಿಯೇ ಕಿರಿದು, ಸೆಕೆಂಡಿಗೆ 280 ಎಂಬಿ ದಾಟುವುದಿಲ್ಲ. ‘ಅದಕ್ಕೆ ಎಸ್‌ಎಸ್‌ಡಿ ದಂಡವಲ್ಲವೇ’ ಎಂದು ಕಾರ್ಯದರ್ಶಿಗಳು ಕೇಳಿದರು. ಸಣ್ಣ ತುಣುಕುಗಳ ಓದಿಗೆ ಅಷ್ಟು ದಾರಿ ಧಾರಾಳ ಎಂದು ವಿವರಿಸಿದೆ, ಒಪ್ಪಿದರು. ಬರುವ ಶನಿವಾರ ಮತ್ತೆ ಗ್ರಾಂಟ್ ರೋಡಿನಲ್ಲಿ ಇಳಿಯುತ್ತೇನೆ.