ಹಾರ್ಡ್ ಡಿಸ್ಕ್ ಬಿಸಿ ನೋಡಲು ಮೂರು ದಾರಿ, ನನಗೆ ಒಗ್ಗಿದ್ದು ಡ್ರೈವ್‌ಟೆಂಪ್

ಮನೆಯ ಹಳೇ ಟವರ್ ಪಿಸಿಗೆ ದೊಡ್ಡದೊಂದು ಹಾರ್ಡ್ ಡಿಸ್ಕ್ ಹಾಕಿದೆ. ಬ್ಯಾಕಪ್‌ಗೆ ಹಳೆಯದು ಹೇಗೂ ಇತ್ತು. ಹೊಸದು ಜಾಸ್ತಿ ಬಿಸಿಯಾಗುತ್ತದೆ, ಹಾಗಾಗಿ ಅದರ ಮೇಲೆ ಕಣ್ಣಿಡಲೇಬೇಕಾಯಿತು. ಪಿಸಿಯಲ್ಲಿರುವುದು ಲಿನಕ್ಸ್. ಅದರಲ್ಲಿ ಡಿಸ್ಕಿನ ತಾಪಮಾನ ಓದುವ ಸಾಧನಗಳಾದ ಎಚ್‌ಡಿಡಿಟೆಂಪ್, ಸ್ಮಾರ್ಟ್‌ಸಿಟಿಎಲ್, ಡ್ರೈವ್‌ಟೆಂಪ್ ಮೂರನ್ನೂ ಬಳಸಿದ್ದೇನೆ. ನನ್ನ ಓಟು ಡ್ರೈವ್‌ಟೆಂಪ್‌ಗೆ.

ಎಚ್‌ಡಿಡಿಟೆಂಪ್ ಈಗ ಬೇಡ. ಅದರ ಕೆಲಸ ನಿಂತು ವರ್ಷಗಳಾದವು, ಡಿಸ್ಕ್ ಮಾದರಿಗಳ ಪಟ್ಟಿಯನ್ನೂ ಅದು ತಾನೇ ಇಟ್ಟುಕೊಂಡಿರುತ್ತದೆ, ಹಾಗಾಗಿ ಹೊಸ ಮಾದರಿಗಳು ಅದರಲ್ಲಿ ಇಲ್ಲದಿರಬಹುದು.

ಸ್ಮಾರ್ಟ್‌ಸಿಟಿಎಲ್ ಗಟ್ಟಿ ಸಾಧನ, ಬಿಸಿ ಮಾತ್ರವಲ್ಲ, ಡಿಸ್ಕಿನ ಆರೋಗ್ಯವನ್ನೆಲ್ಲ ಹೇಳುತ್ತದೆ. ಆದರೆ ಪ್ರತಿ ಸಲ ರೂಟ್ (ಅಡ್ಮಿನ್) ಅನುಮತಿ ಬೇಕು. ಅದು ಕೊಡುವ ಉದ್ದನೆಯ ಪಟ್ಟಿಯಿಂದ ಒಂದು ಸಂಖ್ಯೆಯನ್ನು ಹೆಕ್ಕಲು ಸ್ಕ್ರಿಪ್ಟ್ ಬರೆಯಬೇಕು.

ಡ್ರೈವ್‌ಟೆಂಪ್ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇದೆ. 2020ರ ಮಾರ್ಚ್‌ನಲ್ಲಿ ಬಂದ 5.6 ಆವೃತ್ತಿಯಲ್ಲಿ ಸೇರಿತು, ಬರೆದವರು ಗುಂಟರ್ ರೋಕ್. ಇದು ಸಾಟಾ ಕೇಬಲ್‌ನಲ್ಲಿ ಜೋಡಿಸುವ ಡಿಸ್ಕ್‌ಗಳಿಗೆ. ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗಳಿಗೆ 5.5ರಲ್ಲೇ ಬೇರೆ ವ್ಯವಸ್ಥೆ ಬಂದಿತ್ತು. ಡ್ರೈವ್‌ಟೆಂಪ್ ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಣುಕು) ತಾನಾಗಿ ಲೋಡ್ ಆಗುವುದಿಲ್ಲ, ಬೂಟ್‌ನಲ್ಲಿ ಲೋಡ್ ಆಗುವಂತೆ ಒಂದು ಸಾಲು ಸೇರಿಸಬೇಕು, ಅಷ್ಟೇ. ಆಮೇಲೆ ತಾಪಮಾನ ಒಂದು ಫೈಲಿನಲ್ಲಿ ಸಿಗುತ್ತದೆ, ಸಾಮಾನ್ಯ ಬಳಕೆದಾರರೂ ಓದಬಹುದು. 41000 ಅಂತ ಬಂದರೆ 41 ಡಿಗ್ರಿ. ಸಿಪಿಯು ಬಿಸಿ ಕಾಣುವ ಜಾಗದಲ್ಲೇ ಇದೂ ಕಾಣುವುದರಿಂದ ಫ್ಯಾನ್ ವೇಗ ನಿಯಂತ್ರಿಸುವ ಫ್ಯಾನ್‌ಕಂಟ್ರೋಲ್ ಪ್ರೋಗ್ರಾಂ ನೇರವಾಗಿ ಡಿಸ್ಕಿನ ಬಿಸಿ ನೋಡಿಕೊಂಡು ಕ್ಯಾಬಿನೆಟ್ ಫ್ಯಾನ್ ಓಡಿಸುತ್ತದೆ. ನನಗೆ ಬೇಕಿದ್ದದ್ದೇ ಇದು.

ಈಗ ತಲೆನೋವಿನ ವಿಷಯ. ಬ್ಯಾಕಪ್ ಡಿಸ್ಕ್ 10 ನಿಮಿಷ ಸುಮ್ನೆ ಇದ್ದರೆ ತಿರುಗುವುದನ್ನು ನಿಲ್ಲಿಸಿ ಮಲಗಲಿ ಅಂತ ಇಟ್ಟಿದ್ದೆ. ಡ್ರೈವ್‌ಟೆಂಪ್ ಬಂದ ಮೇಲೆ ಅದು ಮಲಗುವುದನ್ನೇ ಬಿಟ್ಟಿತು. ಕೆಲವು ಡಿಸ್ಕ್‌ಗಳಲ್ಲಿ ತಾಪಮಾನ ಕೇಳಿದಾಗಲೆಲ್ಲ ಮಲಗುವ ಟೈಮರ್ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಕರ್ನಲ್ ದಾಖಲೆಯಲ್ಲೇ ಈ ಎಚ್ಚರಿಕೆ ಇದೆ, ಬೇರೆ ಸಾಧನಗಳಿಂದ ಓದಿದರೂ ಹೀಗೇ ಆಗುತ್ತದೆ ಅಂತಲೂ ಅಲ್ಲಿ ಬರೆದಿದೆ. ಸ್ಮಾರ್ಟ್‌ಸಿಟಿಎಲ್‌ಗೆ ಮಲಗಿದ ಡಿಸ್ಕನ್ನು ಎಬ್ಬಿಸಬೇಡ ಅಂತ ಹೇಳಬಹುದು, ಆದರೆ ಎದ್ದಿರುವ ಡಿಸ್ಕನ್ನು ಪದೇ ಪದೇ ಕೇಳುತ್ತಿದ್ದರೆ ಅದು ಮಲಗುವುದಾದರೂ ಯಾವಾಗ, ಅಲ್ವಾ?

ಆದರೆ ಡ್ರೈವ್‌ಟೆಂಪ್ ತಾನಾಗಿ ಡಿಸ್ಕನ್ನು ಕೇಳುವುದಿಲ್ಲ, ಯಾರಾದರೂ ಫೈಲ್ ಓದಿದಾಗ ಮಾತ್ರ ಕೇಳುತ್ತದೆ. ಹಾಗಾದರೆ ಓದುತ್ತಿದ್ದದ್ದು ಯಾರು? ಡೆಸ್ಕ್‌ಟಾಪ್‌ನ ಮೂಲೆಯಲ್ಲಿ ತಾಪಮಾನ ತೋರಿಸುವ ಪುಟ್ಟ ವಿಜೆಟ್. ಅದು ಕೆಲವೇ ಸೆಕೆಂಡಿಗೊಮ್ಮೆ ಎಲ್ಲ ಸೆನ್ಸರ್‌ಗಳನ್ನೂ ಓದುತ್ತಿತ್ತು, ನನಗೆ ಬೇಡದ ಬ್ಯಾಕಪ್ ಡಿಸ್ಕನ್ನೂ ಸೇರಿಸಿ. ಅದನ್ನು ತೆಗೆದೆ. ಫ್ಯಾನ್‌ಕಂಟ್ರೋಲ್‌ಗೆ ಸದಾ ಓಡುವ ಹೊಸ ಡಿಸ್ಕನ್ನು ಮಾತ್ರ ಕೊಟ್ಟೆ. ಈಗ ಬ್ಯಾಕಪ್ ಡಿಸ್ಕ್ ಹೊತ್ತಿಗೆ ಸರಿಯಾಗಿ ಮಲಗುತ್ತದೆ.

ಇನ್ನೊಂದು ಚಿಕ್ಕ ಕಿರಿಕಿರಿ: ಕರ್ನಲ್ ಪ್ರತಿ ಸೆನ್ಸರ್‌ಗೆ ಕೊಡುವ ಹೆಚ್‌ಡಬ್ಲ್ಯೂಮಾನ್ ಸಂಖ್ಯೆ ಬೂಟ್‌ನಿಂದ ಬೂಟ್‌ಗೆ ಬದಲಾಗಬಹುದು. ಸ್ಕ್ರಿಪ್ಟ್‌ನಲ್ಲಿ ಸಂಖ್ಯೆಯನ್ನು ನಂಬಬೇಡಿ, ಡಿಸ್ಕಿನ ಸೀರಿಯಲ್ ನಂಬರ್ ಹಿಡಿದು ಹುಡುಕಿ.

ನಾನು ಪಿಸಿಯನ್ನು ರಾತ್ರಿಯೂ ಆರಿಸುವುದಿಲ್ಲ, ಬೇರೆ ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕ್‌ನಲ್ಲಿ ಫೈಲ್ ಇಡುವ ಯಂತ್ರ) ಕೊಳ್ಳುವ ಬಜೆಟ್ಟೂ ಇಲ್ಲ. ಖರ್ಚಿಲ್ಲದೆ ಫ್ಯಾನ್ ತಾನೇ ಬಿಸಿ ನೋಡಿಕೊಂಡರೆ ನನಗೆ ಸಾಕು. ನಿಮ್ಮ ಡಿಸ್ಕ್ ಯುಎಸ್‌ಬಿ ಡಬ್ಬಿಯಲ್ಲಿದ್ದರೆ ಮಾತ್ರ ಸ್ಮಾರ್ಟ್‌ಸಿಟಿಎಲ್ ಹಿಡಿಯಿರಿ. ನನ್ನ ಡಬ್ಬಿಯೊಳಗಿನ ಡಿಸ್ಕ್ ಡ್ರೈವ್‌ಟೆಂಪ್‌ಗೆ ಕಾಣಲೇ ಇಲ್ಲ, ಸ್ಮಾರ್ಟ್‌ಸಿಟಿಎಲ್‌ಗೆ ಸಾಟ್ (-d sat) ಆಯ್ಕೆ ಕೊಟ್ಟ ಕೂಡಲೇ ಕಂಡಿತು.